ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ, 2005 ಮಾಡೆಲ್: ರೀಮ್ಯಾಪ್ ಮೊದಲೋ, ರಿಪೇರಿ ಮೊದಲೋ? ಮಂಗಳೂರಿನವರು ಹೇಳಿ

ಕೂಳೂರು_ಟರ್ಬೊ

ನಮಸ್ಕಾರ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ತೆಗೊಂಡಿದ್ದೇನೆ. 1.8 ಟರ್ಬೊ ಪೆಟ್ರೋಲ್, 150 ಪಿಎಸ್, 5 ಸ್ಪೀಡ್ ಮ್ಯಾನುವಲ್, ಮೀಟರ್‌ನಲ್ಲಿ 1,38,000 ಕಿ.ಮೀ. ಕೆಎ 19 ನಂಬರ್, ಆರ್‌ಸಿ ರಿನ್ಯೂ ಆಗಿ ಉಂಟು, ಎರಡೂ ಕೀ ಉಂಟು. ಎರಡು ಮಳೆಗಾಲ ಓಡದೆ ತೆರೆದ ಶೆಡ್‌ನಲ್ಲಿ ನಿಂತಿದ್ದ ಗಾಡಿ.

ಈಗಿನ ಸ್ಥಿತಿ ಹೀಗೆ. ಆಕ್ಸಿಲರೇಟರ್ ಪೂರಾ ಒತ್ತಿದರೆ 3000 ಆರ್‌ಪಿಎಂ ದಾಟುವಾಗ ಎಳೆತ ಬಿಡ್ತದೆ, ಬಾನೆಟ್ ಒಳಗೆ ಗಾಳಿ ಸೋರುವ ಸದ್ದು. ಬೆಳಿಗ್ಗೆ ತಣ್ಣಗಿರುವಾಗ ಐಡ್ಲಿಂಗ್ ಏರಿಳಿತ. ಸ್ಕ್ಯಾನ್‌ನಲ್ಲಿ 17705 ಮತ್ತು 17544 ಎರಡು ಕೋಡ್. ಟೆಂಪರೇಚರ್ ಮುಳ್ಳು ಹೆದ್ದಾರಿಯಲ್ಲಿ ಹೋಗುವಾಗ ಒಮ್ಮೆಗೇ ಸೊನ್ನೆಗೆ ಬಿದ್ದು ಮತ್ತೆ ಏಳ್ತದೆ. ಮಳೆ ಬಂದ ಮರುದಿನ ಎಡಬದಿ ಮುಂದಿನ ಕಾರ್ಪೆಟ್ ಒದ್ದೆ. ಎರಡೂ ಮುಂದಿನ ಫೆಂಡರ್‌ನ ಕೆಳತುದಿಯಲ್ಲಿ ಪೈಂಟ್ ಉಬ್ಬಿದೆ. ಬ್ರೇಕ್ ಹಿಡಿದರೆ ಸ್ಟಿಯರಿಂಗ್ ನಡುಗ್ತದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ದಾಖಲೆ ಇಲ್ಲ.

ನನ್ನ ಯೋಜನೆ: ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಮಾತ್ರ ಬದಲಾಯಿಸಿ ಶಕ್ತಿ ಏರಿಸುವುದು), ಕೋನ್ ಏರ್ ಫಿಲ್ಟರ್, 2.5 ಇಂಚಿನ ಎಕ್ಸಾಸ್ಟ್, ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಶಾಕ್-ಸ್ಪ್ರಿಂಗ್ ಸೆಟ್), ದೊಡ್ಡ ವೀಲ್. ಬಜೆಟ್ 3 ಲಕ್ಷ. ಯಾವುದು ಮೊದಲು, ಯಾವುದು ಬೇಡವೇ ಬೇಡ?

ಯೆಯ್ಯಾಡಿ_ಸ್ಪ್ಯಾನರ್

ಒಳ್ಳೆ ಗಾಡಿ ಮಾರಾಯ್ರೇ, ಉಳಿಸಿಕೊಳ್ಳಬೇಕಾದ್ದು. ನಿಮ್ಮ 3 ಲಕ್ಷದಲ್ಲಿ ಅರ್ಧ ಭಾಗ ಅದನ್ನು ಕಂಪೆನಿಯಿಂದ ಬಂದ ಸ್ಥಿತಿಗೆ ತರಲಿಕ್ಕೇ ಬೇಕು. ಉಳಿದದ್ದರಲ್ಲಿ ಮಾಡಿಫಿಕೇಶನ್.

ಟೈಮಿಂಗ್ ಬೆಲ್ಟ್‌ಗೆ ದಾಖಲೆ ಇಲ್ಲದಿದ್ದರೆ ಬೆಲ್ಟ್ ಹಳೇದು ಅಂತಲೇ ಲೆಕ್ಕ. ಈ ಎಂಜಿನ್‌ನಲ್ಲಿ ಸಿಲಿಂಡರ್‌ಗೆ 5ರಂತೆ 20 ವಾಲ್ವ್. ಬೆಲ್ಟ್ ಹೋದರೆ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ, ಹೆಡ್ ಇಳಿಸಬೇಕಾಗ್ತದೆ. ಅದಾಗುವ ತನಕ ಗಾಡಿ ಓಡಿಸಬೇಡಿ. ಬೆಲ್ಟ್ ಒಂದೇ ಹಾಕಿದರೆ ಪ್ರಯೋಜನ ಇಲ್ಲ: ರೋಲರ್, ಹೈಡ್ರಾಲಿಕ್ ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟಾಟ್ ಎಲ್ಲ ಒಟ್ಟಿಗೆ. ಪಂಪ್‌ನ ಇಂಪೆಲ್ಲರ್ ಲೋಹದ್ದೇ ಕೇಳಿ ತೆಗೊಳ್ಳಿ. ಹಳೇ ಪ್ಲಾಸ್ಟಿಕ್ ಇಂಪೆಲ್ಲರ್ ಶಾಫ್ಟ್ ಮೇಲೆ ಸಡಿಲಾಗಿ ತಿರುಗದೆ ನಿಲ್ಲುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಟೆನ್ಷನರ್ ಡ್ಯಾಂಪರನ್ನು ಎಂ5 ಥ್ರೆಡ್ ರಾಡ್ ಹಾಕಿ ನಿಧಾನಕ್ಕೆ ಅದುಮಬೇಕು, ಲಿವರ್ ಹಾಕಿ ಒಮ್ಮೆಗೇ ಒತ್ತಿದರೆ ಒಳಗಿನ ವಾಲ್ವ್ ಹಾಳಾಗಿ ಹೊಸ ಬೆಲ್ಟೂ ಸಡಿಲವೇ. ಎಂಜಿನ್ ಮೌಂಟ್ ಬೋಲ್ಟ್‌ಗಳು ಸ್ಟ್ರೆಚ್ ಬೋಲ್ಟ್, ತೆಗೆದ ಮೇಲೆ ಹೊಸದೇ ಹಾಕಬೇಕು. ಎಲ್ಲ ಕೂಡಿಸಿದ ಮೇಲೆ ಸ್ಪ್ಯಾನರ್‌ನಲ್ಲಿ ಕೈಯಿಂದಲೇ ಕ್ರ್ಯಾಂಕ್ ಪೂರ್ತಿ ಎರಡು ಸುತ್ತು ತಿರುಗಿಸಿ, ಕ್ರ್ಯಾಂಕ್ ಮತ್ತು ಕ್ಯಾಮ್ ಮಾರ್ಕ್ ಕೂಡಿ ಬಂದರೆ ಮಾತ್ರ ಸ್ಟಾರ್ಟರ್ ಮುಟ್ಟಿ.

ಕೋಡ್ ವಿಚಾರ. 17705 ಅಂದರೆ ಟರ್ಬೊದಿಂದ ಥ್ರಾಟ್ಲ್‌ವರೆಗಿನ ದಾರಿಯಲ್ಲಿ ಒತ್ತಡ ಸೋರಿಕೆ. 17544 ಅಂದರೆ ಐಡ್ಲಿಂಗ್‌ನಲ್ಲಿ ಮಿಶ್ರಣ ತೆಳು, ಅಂದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗ್ತಾ ಉಂಟು. ಎರಡೂ ಒಟ್ಟಿಗೆ ಬಂದರೆ ಸೆನ್ಸರ್ ಬದಲಾಯಿಸುತ್ತಾ ಕೂರಬೇಡಿ, ರಬ್ಬರ್ ಹೋಸ್ ಹುಡುಕಿ.

ಪ್ರೆಶರ್ ಟೆಸ್ಟ್ ಮನೆಯಲ್ಲೇ ಆಗ್ತದೆ. ಏರ್‌ಫ್ಲೋ ಮೀಟರ್‌ನಿಂದ ಟರ್ಬೊಗೆ ಹೋಗುವ ಹೋಸ್‌ನ ಬಾಯಿಗೆ ಸರಿ ಕೂರುವ ಪಿವಿಸಿ ಎಂಡ್ ಕ್ಯಾಪ್ ತೆಗೊಂಡು, ಅದಕ್ಕೆ ಟ್ಯೂಬ್‌ಲೆಸ್ ಟಯರ್ ವಾಲ್ವ್ ಕೂರಿಸಿ ಕ್ಲಾಂಪ್ ಬಿಗಿ ಮಾಡಿ. ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸನ್ನು ಮೊದಲೇ ಬ್ಲಾಕ್ ಮಾಡಿ. ಇಲ್ಲದಿದ್ದರೆ ಗಾಳಿ ಎಂಜಿನ್ ಒಳಗೆ ಹೋಗಿ ಆಯಿಲ್ ಸೀಲ್ ತಳ್ಳುತ್ತದೆ. ರೆಗ್ಯುಲೇಟರ್ ಇಟ್ಟು 0.3 ಬಾರ್‌ನಿಂದ ಶುರು ಮಾಡಿ, 1 ಬಾರ್ ದಾಟಬೇಡಿ. ಸಾಬೂನು ನೀರು ಸ್ಪ್ರೇ ಮಾಡಿ ಗುಳ್ಳೆ ನೋಡಿ. ಹೆಚ್ಚಾಗಿ ಸಿಗುವ ಜಾಗಗಳು: ಇಂಟರ್‌ಕೂಲರ್ ಈ ಗಾಡಿಯಲ್ಲಿ ಬಲಬದಿ ಮುಂದಿನ ಚಕ್ರದ ಎದುರು ಬಂಪರ್ ಒಳಗೆ ಉಂಟು, ಅದರ ಕೆಳಗಿನ ರಬ್ಬರ್ ಎಲ್ಬೋ, ಟರ್ಬೊ ಇನ್‌ಟೇಕ್ ಪೈಪ್‌ನ ಅಡಿಭಾಗ, ಮೇಲಿನಿಂದ ಕಾಣದ್ದು, ಮತ್ತೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನ ಪಿಸಿವಿ (ಕ್ರ್ಯಾಂಕ್‌ಕೇಸ್ ಆವಿಯನ್ನು ಇನ್‌ಟೇಕ್‌ಗೆ ಎಳೆಯುವ) ಹೋಸ್‌ಗಳು ಮತ್ತು ಚೆಕ್ ವಾಲ್ವ್. ಈ ಕೊನೆಯದ್ದೇ 17544ಕ್ಕೆ ಮುಖ್ಯ ಕಾರಣ. ಆಯಿಲ್ ಆವಿಗೆ ರಬ್ಬರ್ ಮೆದುವಾಗಿ, ಬೆರಳಿಟ್ಟರೆ ಒಳಗೆ ಹೋಗುವಷ್ಟಾಗಿರ್ತದೆ.

ಅಲ್ಲಿಗೆ ಬಣ್ಣದ ಸಿಲಿಕಾನ್ ಹೋಸ್ ಹಾಕಿಸಬೇಡಿ. ಸಾದಾ ಸಿಲಿಕಾನ್ ಆಯಿಲ್‌ಗೆ ನಿಲ್ಲುವುದಿಲ್ಲ, ಸ್ವಲ್ಪ ಕಾಲದಲ್ಲಿ ಹೊರಮೈ ಬೆವರಿ ಜಿಡ್ಡಾಗ್ತದೆ. ಒಂದೋ ಒರಿಜಿನಲ್ ರಬ್ಬರ್, ಇಲ್ಲವೇ ಒಳಗೆ ಫ್ಲೋರೋಸಿಲಿಕಾನ್ ಪದರ ಇರುವಂಥದ್ದು. ಒಣ ವ್ಯಾಕ್ಯೂಮ್ ಲೈನ್‌ಗಳಿಗೆ ಸಾದಾ ಸಿಲಿಕಾನ್ ಅಡ್ಡಿಯಿಲ್ಲ. ಚೆಕ್ ವಾಲ್ವ್ ಹಾಕುವಾಗ ಬಾಣದ ಗುರುತು ನೋಡಿ. ಮ್ಯಾನಿಫೋಲ್ಡ್ ಕಡೆಗೆ ಗಾಳಿ ಎಳೆಯಬೇಕು, ಬೂಸ್ಟ್ (ಟರ್ಬೊ ಒತ್ತಡ) ಹಿಂದಕ್ಕೆ ಬರಬಾರದು.

ಡೈವರ್ಟರ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಟರ್ಬೊ ಒತ್ತಡವನ್ನು ವಾಪಾಸ್ ಇನ್‌ಟೇಕ್‌ಗೆ ತಿರುಗಿಸುವುದು) ಕೈಯಲ್ಲೇ ಪರೀಕ್ಷೆ ಮಾಡ್ಬಹುದು. ಬಿಚ್ಚಿ ತೆಗೆದು, ಒಳಗಿನ ಪಿಸ್ಟನನ್ನು ಬೆರಳಲ್ಲಿ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಲ್ಲಿ ಸಣ್ಣ ವ್ಯಾಕ್ಯೂಮ್ ನಿಪ್ಪಲ್ ಮುಚ್ಚಿ ಪಿಸ್ಟನ್ ಬಿಟ್ಟುಬಿಡಿ. ಅದು ಮೇಲೆಯೇ ನಿಂತರೆ ಡಯಾಫ್ರಾಮ್ ಸರಿ ಉಂಟು; ಮೆಲ್ಲ ಕೆಳಗೆ ಜಾರಿದರೆ ಹರಿದಿದೆ. 710ಎನ್ ಅಂತ ಕೊನೆಯಾಗುವ ಒರಿಜಿನಲ್ ವಾಲ್ವ್ ಸ್ಟೇಜ್ 1ಕ್ಕೂ ಧಾರಾಳ ಸಾಕು. ಹೊರಗೆ ಗಾಳಿ ಬಿಟ್ಟು ಸದ್ದು ಮಾಡುವ ಬ್ಲೋ ಆಫ್ ಈ ಎಂಜಿನ್‌ಗೆ ಆಗದು. ಏರ್‌ಫ್ಲೋ ಮೀಟರ್ ಅಳೆದ ಗಾಳಿ ಹೊರಗೆ ಹೋದರೆ ಗೇರ್ ಬದಲಾಯಿಸುವಾಗೆಲ್ಲ ಪೆಟ್ರೋಲ್ ಹೆಚ್ಚಾಗಿ ಗಾಡಿ ಮುಗ್ಗರಿಸ್ತದೆ.

ಟೆಂಪರೇಚರ್ ಮುಳ್ಳು ಒಮ್ಮೆಗೇ ಬಿದ್ದು ಏಳುವುದು 4 ಪಿನ್‌ನ ಕೂಲಂಟ್ ಸೆನ್ಸರ್ ದೋಷ. ಹಳೇದು ಕಪ್ಪು, ಸುಧಾರಿಸಿದ್ದು ಹಸಿರು. ಮುಳ್ಳು ಬೀಳದೆ ನಿಧಾನಕ್ಕೆ ಇಳಿಯುತ್ತಿದ್ದರೆ ಥರ್ಮೋಸ್ಟಾಟ್ ಅಂತ ಹೇಳ್ತಿದ್ದೆ. ಸೆನ್ಸರ್ ಕೂತಿರುವ ಪ್ಲಾಸ್ಟಿಕ್ ಫ್ಲ್ಯಾಂಜೂ ಬಿರುಕು ಬಿಡುವಂಥದ್ದೇ, ಓ ರಿಂಗ್ ಸಮೇತ ಅದನ್ನೂ ಬದಲಾಯಿಸಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕ್ಲಿಪ್ ಎಳೆಯಿರಿ. ಕೂಲಂಟ್ ಜಿ12, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ಹಸಿರು ಕೂಲಂಟ್ ಜೊತೆ ಬೆರೆಸಿದರೆ ಕೆಸರಾಗ್ತದೆ.

ನಿಂತಿದ್ದ ಗಾಡಿ ಆದ ಕಾರಣ ಸಂಪ್ ಇಳಿಸಿ ಆಯಿಲ್ ಪಿಕಪ್ ಜಾಲರಿ ನೋಡಿ. ಎಂಜಿನ್ ಫ್ಲಶ್ ಸುರಿಯಲೇಬೇಡಿ, ಒಳಗಿನ ಕರಿ ಕಿತ್ತು ಬಂದು ಅದೇ ಜಾಲರಿಗೆ ಕೂರ್ತದೆ, ಟರ್ಬೊ ಬೇರಿಂಗ್ ಹೋಗ್ತದೆ. ಆಯಿಲ್ 5ಡಬ್ಲ್ಯು-40, ವಿಡಬ್ಲ್ಯು 502 00 ಗುರುತು ಇರುವಂಥದ್ದು, ಸುಮಾರು 4.5 ಲೀಟರ್. ಮೊದಲ ಸಲದ ಆಯಿಲ್ 1000 ಕಿ.ಮೀ.ಗೇ ತೆಗೆಯಿರಿ.

ಪಾರ್ಟ್ಸ್ ಹುಡುಕುವಾಗ ಒಂದು ಎಚ್ಚರಿಕೆ. ಆಗಿನ ಆಡಿ ಎ4, ಪಸ್ಸಾಟ್‌ನಲ್ಲೂ 1.8 ಟರ್ಬೊ ಇತ್ತು. ಆದರೆ ಅಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ಆಕ್ಟೇವಿಯಾದಲ್ಲಿ ಅಡ್ಡಕ್ಕೆ. ಕಾಯಿಲ್, ಪ್ಲಗ್, ಕೂಲಂಟ್ ಸೆನ್ಸರ್, ಡೈವರ್ಟರ್ ವಾಲ್ವ್ ಹೊಂದ್ತದೆ. ವಾಟರ್ ಪಂಪ್, ಇನ್‌ಟೇಕ್ ಪೈಪ್, ಟರ್ಬೊ ಹೊಂದುವುದಿಲ್ಲ. ಚಾಸಿಸ್ ನಂಬರ್ ಕೊಟ್ಟೇ ಆರ್ಡರ್ ಮಾಡಿ.

ಮಲ್ಪೆ_ಕಡಲತಡಿ

ಎಂಜಿನ್ ವಿಚಾರ ಮೇಲೆ ಸರಿಯಾಗಿ ಬಂದಿದೆ. ನಾನು ನೀರು ಮತ್ತು ತುಕ್ಕಿನ ಬಗ್ಗೆ ಬರೆಯುತ್ತೇನೆ, ಯಾಕಂದ್ರೆ ನಮ್ಮ ಕರಾವಳಿಯಲ್ಲಿ ಈ ಕಾರುಗಳು ಸಾಯುವುದು ಎಂಜಿನ್‌ನಿಂದ ಅಲ್ಲ.

ಒದ್ದೆ ಕಾರ್ಪೆಟನ್ನು ಮೇಲಿಂದ ಮುಟ್ಟಿ ಒಣಗಿದೆ ಅಂತ ಬಿಡಬೇಡಿ. ಅದರ ಅಡಿಯಲ್ಲಿ ದಪ್ಪ ಫೋಮ್ ಉಂಟು, ನೀರು ಅಲ್ಲೇ ತಿಂಗಳುಗಟ್ಟಲೆ ನಿಲ್ತದೆ, ತಗಡು ತಿನ್ನುತ್ತದೆ, ವಯರಿಂಗ್ ಜಾಯಿಂಟ್ ಹಸಿರಾಗ್ತದೆ. ಸೀಟ್ ಬಿಚ್ಚಿ, ಕಾರ್ಪೆಟ್ ಎತ್ತಿ ಹೊರಗೆ ಹಾಕಿ ಬಿಸಿಲಿಗೆ ಒಣಗಿಸಿ. ಸೀಟ್ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗ್‌ದು. ಬ್ಯಾಟರಿ ನೆಗೆಟಿವ್ ತೆಗೆದ ಮೇಲೆ ಮಾತ್ರ ಬಿಚ್ಚಿ, ಅದು ಬಿಚ್ಚಿರುವಾಗ ಇಗ್ನಿಶನ್ ಆನ್ ಮಾಡಬೇಡಿ.

ನೀರು ಎಲ್ಲಿಂದ ಅಂತ ಕಂಡುಹಿಡಿಯಲು ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಪೈಪ್‌ನಿಂದ ಮೆಲ್ಲ ನೀರು ಬಿಡಲಿ. ಒಂದೊಂದೇ ಜಾಗ, ಕೆಳಗಿನಿಂದ ಮೇಲಕ್ಕೆ. ಮೊದಲು ಬರೇ ಡೋರ್ ಗ್ಲಾಸ್ ಮೇಲೆ. ಡೋರ್ ಪ್ಯಾಡ್‌ನ ಬುಡದಿಂದ ನೀರು ಒಸರಿದರೆ, ಡೋರ್ ಒಳಗಿನ ಕ್ಯಾರಿಯರ್ ಪ್ಲೇಟ್‌ನ ಫೋಮ್ ಸೀಲ್ ಪುಡಿಯಾಗಿದೆ ಅಂತ ಅರ್ಥ. ಈ ವಯಸ್ಸಿನ ಆಕ್ಟೇವಿಯಾದಲ್ಲಿ ಇದು ಮಾಮೂಲು. ಹಳೇ ಫೋಮ್ ಪೂರ್ತಿ ಕೆರೆದು, ತಿನ್ನರ್‌ನಲ್ಲಿ ಒರೆಸಿ, ಬ್ಯೂಟೈಲ್ ಟೇಪ್ ಒಂದೇ ತುಂಡಾಗಿ ಸುತ್ತ ಹಾಕಿ. ಜಾಯಿಂಟ್ ಬಂದರೆ ಅದು ಮೇಲ್ಬದಿಯಲ್ಲಿ ಇರಲಿ. ಡೋರ್ ಅಡಿಯ ಡ್ರೈನ್ ತೂತು ಬಿಟ್ಟಿದೆಯಾ ಅಂತಲೂ ನೋಡಿ.

ಡೋರ್ ಸರಿ ಇದ್ದರೆ ಮುಂದಿನ ಗ್ಲಾಸ್ ಕೆಳಗೆ ನೀರು ಬಿಡಿ. ವೈಪರ್ ಅಡಿಯ ಪ್ಲಾಸ್ಟಿಕ್ ತೆಗೆದರೆ ಎಡಬದಿಯಲ್ಲಿ ಪೋಲನ್ ಫಿಲ್ಟರ್ ಪೆಟ್ಟಿಗೆ ಸಿಗ್ತದೆ. ಅದರ ಸೀಲ್ ಗಟ್ಟಿಯಾಗಿ ಬಿಟ್ಟಿದ್ದರೆ ನೀರು ನೇರ ಎಡ ಕಾಲಬುಡಕ್ಕೆ. ಮರದಡಿ ನಿಂತ ಗಾಡಿಯಲ್ಲಿ ಆ ತೊಟ್ಟಿಯ ಡ್ರೈನ್‌ಗಳು ಕೊಳೆತ ಎಲೆಯಿಂದ ಮುಚ್ಚಿರ್ತವೆ. ಮಳೆ ಇಲ್ಲದಾಗಲೂ ಒದ್ದೆ ಆಗುತ್ತಿದ್ದರೆ ಮಾತ್ರ ಎಸಿ ಡ್ರೈನ್ ಪೈಪ್ ಸಂಶಯ.

ಫೆಂಡರ್ ಉಬ್ಬಿದ್ದಕ್ಕೆ ಕಾರಣ ಒಳಗಿನ ಫೋಮ್ ತುಂಡು. ಸದ್ದು ತಡೆಯಲಿಕ್ಕೆ ಅಂತ ಫೆಂಡರ್‌ಗೂ ಬಾಡಿಗೂ ನಡುವೆ ತುರುಕಿದ್ದಾರೆ, ಅದು ಕೆಸರು ನೀರು ಹೀರಿಕೊಂಡು ಒಳಗಿನಿಂದಲೇ ತಗಡು ತಿನ್ನುತ್ತದೆ. ವೀಲ್ ಆರ್ಚ್ ಲೈನರ್‌ನ ಟಿ25 ಸ್ಕ್ರೂ ಬಿಚ್ಚಿ ಆ ಫೋಮ್ ಎಳೆದು ಬಿಸಾಡಿ, ವಾಪಾಸ್ ಹಾಕ್ಲಿಕ್ಕೆ ಹೋಗಬೇಡಿ. ತುಕ್ಕು ಪೂರ್ತಿ ಹೋಗಿ ಹೊಳೆಯುವ ತಗಡು ಕಾಣುವ ತನಕ ಉಜ್ಜಬೇಕು. ತೂತಾಗಿದ್ದರೆ ಹೊಸ ತಗಡು ವೆಲ್ಡ್ ಮಾಡಿಸಿ. ಮೊದಲು 2ಕೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬೇಕಾದಷ್ಟೇ ಪುಟ್ಟಿ, ಆಮೇಲೆ ಸರ್ಫೇಸರ್, ಬಣ್ಣ, ಕ್ಲಿಯರ್. ಬರೀ ತಗಡಿನ ಮೇಲೆ ಪುಟ್ಟಿ ಹಾಕುವ ಗ್ಯಾರೇಜಿಗೆ ಕೊಡಬೇಡಿ. ಪುಟ್ಟಿ ನೀರು ಹೀರುತ್ತದೆ, ಒಂದೇ ಮಳೆಗಾಲದಲ್ಲಿ ಮತ್ತೆ ಉಬ್ಬುತ್ತದೆ.

ಪೈಂಟ್ ಕೆಲಸ ಜೂನ್‌ನಿಂದ ಸೆಪ್ಟೆಂಬರ್ ಮಧ್ಯೆ ಬೇಡ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗ್ತದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಂಜಿನ ಹಾಗೆ ಕಾಣ್ತದೆ. ಹೀಟರ್ ಇರುವ ಬೂತ್ ಇದ್ದರೆ ಬೇರೆ ಮಾತು. ಆಗಲೂ ಕಂಪ್ರೆಸರ್ ಲೈನ್‌ನಲ್ಲಿ ವಾಟರ್ ಸೆಪರೇಟರ್ ಉಂಟಾ ಅಂತ ಕೇಳಿ.

ಬೇಸಗೆಯಲ್ಲಿ ಬಾಡಿ ಪೂರ್ತಿ ಒಣಗಿದ ಮೇಲೆ ಸಿಲ್ ಒಳಗೆ, ಡೋರ್ ಅಡಿಯಲ್ಲಿ ಉದ್ದ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ; ಡ್ರೈನ್ ತೂತು ಮುಚ್ಚದಂತೆ ನೋಡಿಕೊಳ್ಳಿ. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಬಳಿಯುವುದು ಬಳಿಯದೇ ಇರುವುದಕ್ಕಿಂತ ಕೆಟ್ಟದು. ಒಳಗೆ ತೇವ ಸಿಕ್ಕಿಬಿದ್ದು, ಕೆಳಗಿನಿಂದ ಕಾಣದ ಹಾಗೆ ಕೊಳೆಯುತ್ತದೆ. ಮರವಂತೆ ಕಡೆ ಸಮುದ್ರದ ಬದಿಯಲ್ಲಿ ಓಡಿಸಿ ಬಂದ ದಿನ ಅಡಿಭಾಗಕ್ಕೆ ಸಿಹಿನೀರು ಹಾಯಿಸಿ.

ಕೂಳೂರು_ಟರ್ಬೊ

ಇಬ್ಬರಿಗೂ ತುಂಬಾ ಧನ್ಯವಾದ. ಡೋರ್ ಪ್ಯಾಡ್ ಬುಡ ಒದ್ದೆಯೇ ಉಂಟು, ಬ್ಯೂಟೈಲ್ ಟೇಪ್ ಹುಡುಕುತ್ತೇನೆ. ವೀಲ್ ಬಗ್ಗೆ ಕೇಳಬೇಕಿತ್ತು. 18 ಇಂಚು, 8ಜೆ (ಅಗಲ 8 ಇಂಚು), ಇಟಿ35 (ಹಬ್ ತಾಗುವ ಮುಖ ವೀಲ್‌ನ ನಡುವಿನಿಂದ 35 ಮಿ.ಮೀ. ಹೊರಗೆ), 5x100 (100 ಮಿ.ಮೀ. ವೃತ್ತದಲ್ಲಿ 5 ಬೋಲ್ಟ್) ಸೆಟ್ 225/40 ಟಯರ್ ಸಮೇತ ಸೆಕೆಂಡ್‌ಹ್ಯಾಂಡ್ ಸಿಗ್ತಾ ಉಂಟು. ಹಾಕ್ಬಹುದಾ?

ಶಿರ್ವ_ಟಾರ್ಕ್‌ರೆಂಚ್

ಬೇಡ. ಲೆಕ್ಕ ನೋಡಿ. ನಿಮ್ಮ ಈಗಿನ ವೀಲ್‌ನ ಹಿಂಬದಿ ಅಚ್ಚು ಓದಿ, 6.5ಜೆ ಇಟಿ42 ಆಗಿದ್ದರೆ, 8ಜೆ ಇಟಿ35 ಅದಕ್ಕಿಂತ 26 ಮಿ.ಮೀ. ಹೊರಗೆ ಬರ್ತದೆ. ಫೆಂಡರ್ ತಾಗ್ತದೆ, ವೀಲ್ ಬೇರಿಂಗ್ ಮೇಲೆ ಭಾರ ಹೆಚ್ಚು, ಕೆಸರು ಪೂರಾ ಬಾಗಿಲಿಗೆ. 17 ಇಂಚು 7.5ಜೆ ಇಟಿ38 ಆದರೆ ಸುಮಾರು 17 ಮಿ.ಮೀ., ಅದು ಕೂರ್ತದೆ. ಟಯರ್ 225/45 ಆರ್17. ವ್ಯಾಸ 634 ಮಿ.ಮೀ., 205/55 ಆರ್16ರದ್ದು 632, ಸ್ಪೀಡೋಮೀಟರ್ ಹೆಚ್ಚುಕಡಿಮೆ ಆಗುವುದಿಲ್ಲ. ಸೈಡ್‌ವಾಲ್ 101 ಮಿ.ಮೀ. ಸಿಗ್ತದೆ, 225/40 ಆರ್18ರಲ್ಲಿ 90 ಮಾತ್ರ. ಶಿರಾಡಿಯ ಹೊಂಡಕ್ಕೆ ಆ 11 ಮಿ.ಮೀ. ಬೇಕೇ ಬೇಕು.

ವೀಲ್ ಬದಲಾಯಿಸುವಾಗ ಹೆಚ್ಚಿನವರು ಬಿಡುವ ಸಂಗತಿ ಬೋಲ್ಟ್. ಕಂಪೆನಿ ಬೋಲ್ಟ್ ಎಂ14x1.5, ತಲೆಯ ಬುಡ ಗೋಲಾಕಾರ. ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ ಶಂಕುವಿನಾಕಾರದ್ದು ಬೇಕು. ಗೋಲ ಬೋಲ್ಟ್ ಶಂಕು ಸೀಟಿಗೆ ಹಾಕಿದರೆ ಬಿಗಿಯಾದ ಹಾಗೆ ಅನಿಸ್ತದೆ, ತಾಗಿರುವುದು ಸಣ್ಣ ಗೆರೆಯಷ್ಟೇ ಜಾಗದಲ್ಲಿ, ಓಡುತ್ತಾ ಸಡಿಲಾಗ್ತದೆ. ಹಬ್ ವ್ಯಾಸ 57.1, ವೀಲ್‌ನ ನಡುತೂತು ದೊಡ್ಡದಿದ್ದರೆ ಸೆಂಟರಿಂಗ್ ರಿಂಗ್ ಹಾಕಿ. ಟಾರ್ಕ್ 120 ಎನ್‌ಎಂ, 100 ಕಿ.ಮೀ. ಆದ ಮೇಲೆ ಮತ್ತೊಮ್ಮೆ ನೋಡಿ. ಟಯರ್ ಬದಿಯ ನಾಲ್ಕಂಕಿಯಲ್ಲಿ ತಯಾರಾದ ವಾರ-ವರ್ಷ ಓದಿ. ಟಯರ್ ಟ್ರೆಡ್‌ನ ಆಳ 1.6 ಮಿ.ಮೀ. ಕಾನೂನಿಗೆ ಸಾಕು, ನಮ್ಮ ಮಳೆಗೆ ಸಾಕಾಗದು. 3ಕ್ಕೆ ಬಂದರೆ ಬದಲಾಯಿಸಿ, ಅಗಲ ಟಯರ್ ನೀರಿನ ಮೇಲೆ ಬೇಗ ತೇಲುತ್ತದೆ.

ಬ್ರೇಕ್ ನಡುಕಕ್ಕೆ ಡಿಸ್ಕ್ ಲೇತ್‌ಗೆ ಕೊಡುವ ಮೊದಲು ಹಬ್ ಮುಖ ನೋಡಿ. ನಿಂತ ಗಾಡಿಯಲ್ಲಿ ಹಬ್ ಮೇಲೆ ತುಕ್ಕಿನ ಪದರ ಇರ್ತದೆ, ಅದರ ಮೇಲೆ ಡಿಸ್ಕ್ ಓರೆಯಾಗಿ ಕೂರ್ತದೆ. ವಯರ್ ಬ್ರಶ್‌ನಲ್ಲಿ ಉಜ್ಜಿ, ಡಿಸ್ಕ್ ಬೋಲ್ಟ್ ಮಾಡಿ ಡಯಲ್ ಗೇಜ್ ಇಟ್ಟು ತಿರುಗಿಸಿ. ಮುಳ್ಳು 0.1 ಮಿ.ಮೀ. ದಾಟಿದರೆ ಹೊಸ ಡಿಸ್ಕ್. ಹಿಂದಿನ ಕ್ಯಾಲಿಪರ್ ಪಿಸ್ಟನನ್ನು ಬರೇ ಅದುಮಬಾರದು, ಒತ್ತುತ್ತಾ ತಿರುಗಿಸಬೇಕು. ಸಿ ಕ್ಲಾಂಪ್ ಹಾಕಿ ಒತ್ತಿದರೆ ಹ್ಯಾಂಡ್‌ಬ್ರೇಕ್ ಯಂತ್ರ ಮುರೀತದೆ. ಹ್ಯಾಂಡ್‌ಬ್ರೇಕ್ ಬಿಟ್ಟಾಗ ಕ್ಯಾಲಿಪರ್ ಲಿವರ್ ಸ್ಟಾಪ್‌ವರೆಗೆ ವಾಪಾಸ್ ಬರಬೇಕು, ಇಲ್ಲದಿದ್ದರೆ ಪ್ಯಾಡ್ ಉಜ್ಜುತ್ತಲೇ ಇರ್ತದೆ.

ಮುಂದಿನ ಡಿಸ್ಕ್ 312 ಮಿ.ಮೀ.ಗೆ ಏರಿಸುವ ಆಸೆ ಇದ್ದರೆ ಈಗಿನದ್ದು ಅಳೆಯಿರಿ. 288 ಇದ್ದರೆ ಅದೇ ಕ್ಯಾಲಿಪರ್‌ಗೆ 312ರ ಕ್ಯಾರಿಯರ್, ಡಿಸ್ಕ್, ಪ್ಯಾಡ್ ಸಾಕು. 280 ಇದ್ದರೆ ಕ್ಯಾಲಿಪರ್ ಕೂರುವ ವಿಧಾನವೇ ಬೇರೆ, ನಕಲ್ (ಚಕ್ರದ ಹಬ್ ಹಿಡಿದಿರುವ ಭಾಗ) ಸಮೇತ ಬದಲಾಯಿಸಬೇಕು. ಅಷ್ಟು ಖರ್ಚಿಗೆ ಅರ್ಥ ಇಲ್ಲ, ಒಳ್ಳೆ ಪ್ಯಾಡ್ ಮತ್ತು ಹೊಸ ಡಾಟ್ 4 ಫ್ಲೂಯಿಡ್ ಹಾಕಿ.

ಕಾಯಿಲ್‌ಓವರ್ ಬದಲು ಒಳ್ಳೆ ಶಾಕ್ ಮತ್ತು 30 ಮಿ.ಮೀ. ಇಳಿಸುವ ಸ್ಪ್ರಿಂಗ್. ಅದಕ್ಕಿಂತ ಕೆಳಗಾದರೆ ಲೋವರ್ ಆರ್ಮ್ ಮೇಲ್ಮುಖವಾಗಿ ಹಂಪ್‌ನಲ್ಲಿ ಸ್ಟಿಯರಿಂಗ್ ತಾನೇ ಎಳೆಯುತ್ತದೆ. ಉಪ್ಪು ಗಾಳಿಗೆ ಕಾಯಿಲ್‌ಓವರ್ ಥ್ರೆಡ್ ಹಿಡಿದುಬಿಟ್ಟರೆ ಅಡ್ಜಸ್ಟ್ ಮಾಡುವ ಮಾತೇ ಇಲ್ಲ. ಲೋವರ್ ಆರ್ಮ್‌ನ ಹಿಂದಿನ ಬುಶ್ ಆಡಿ ಟಿಟಿಯ ಗಟ್ಟಿ ಬುಶ್ ಹಾಕಿಸಿ. ಕಡಿಮೆ ಖರ್ಚಲ್ಲಿ ಸ್ಟಿಯರಿಂಗ್‌ಗೆ ಸಿಗುವ ದೊಡ್ಡ ಲಾಭ ಅದು. ಬುಶ್ ಬೋಲ್ಟ್‌ಗಳ ಕೊನೆಯ ಬಿಗಿ ಚಕ್ರ ನೆಲದ ಮೇಲೆ ನಿಂತಾಗಲೇ ಆಗಬೇಕು. ಲಿಫ್ಟ್‌ನಲ್ಲಿ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕುಂದಾಪ್ರ_ಐದನೇಗೇರ್

ಕಾನೂನಿನ ವಿಷಯ ಒಂದಿಷ್ಟು. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿನ ವಿವರ ತಯಾರಕರ ವಿವರಕ್ಕಿಂತ ಬೇರೆ ಆಗುವ ಬದಲಾವಣೆ ಮಾಡುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿದೆ. 182ಎ ಸೆಕ್ಷನ್‌ನ 4ನೇ ಉಪಸೆಕ್ಷನ್‌ನಲ್ಲಿ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. ಶಬ್ದ ಮತ್ತು ಹೊಗೆಗೆ 190ನೇ ಸೆಕ್ಷನ್ ಪ್ರತ್ಯೇಕ ಉಂಟು.

ಬಣ್ಣ ಬದಲಾಯಿಸುವುದಾದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಆರ್‌ಸಿಯಲ್ಲಿ ನಮೂದು. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯಲೇಬೇಡಿ. ಎಕ್ಸಾಸ್ಟ್ ಮಾಡಿಸುವುದಾದರೆ ಕ್ಯಾಟ್ ನಂತರದ ಭಾಗ ಮಾತ್ರ, 304 ಸ್ಟೇನ್‌ಲೆಸ್‌ನಲ್ಲಿ, ಕಂಪೆನಿ ಸದ್ದಿನ ಮಟ್ಟದಲ್ಲೇ ಇರುವ ಹಾಗೆ ನಡುವಿನ ರೆಸೊನೇಟರ್ ಉಳಿಸಿಕೊಂಡು. ಹಳೇ ಭಾಗ ಮಾರಬೇಡಿ, ಎತ್ತಿಡಿ. ಆರ್‌ಸಿ ಮುಂದಿನ 5 ವರ್ಷಕ್ಕೆ ರಿನ್ಯೂ ಮಾಡುವಾಗ ಗಾಡಿ ಮತ್ತೆ ತಪಾಸಣೆಗೆ ಹೋಗ್ತದೆ. ಏನೇ ಬದಲಾಯಿಸಿದರೂ ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಸಮಯದಲ್ಲಿ ಕಷ್ಟ.

ಕೂಳೂರು_ಟರ್ಬೊ

18 ಇಂಚು ಬಿಟ್ಟೆ. ಇದೆಲ್ಲ ಮುಗಿದ ಮೇಲೆ ಗಾಡಿ ರೀಮ್ಯಾಪ್‌ಗೆ ತಯಾರಾಗಿದೆ ಅಂತ ಗೊತ್ತಾಗುವುದು ಹೇಗೆ?

ಯೆಯ್ಯಾಡಿ_ಸ್ಪ್ಯಾನರ್

ಲಾಗ್ ತೆಗೆದು. ವಿಸಿಡಿಎಸ್ (ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳ ಸ್ಕ್ಯಾನ್ ಸಾಫ್ಟ್‌ವೇರ್) ಇರುವವರ ಹತ್ತಿರ ಹೋಗಿ, ಕೋಡ್ ಅಳಿಸಿ ಕೆಲವು ದಿನ ಓಡಿಸಿದ ಮೇಲೆ ಮೆಶರಿಂಗ್ ಬ್ಲಾಕ್ 032 (ಪೆಟ್ರೋಲ್ ಮಿಶ್ರಣಕ್ಕೆ ಎಂಜಿನ್ ಮಾಡಿಕೊಂಡ ತಿದ್ದುಪಡಿ, ಶೇಕಡಾದಲ್ಲಿ) ನೋಡಿ. ಎರಡೂ ಅಂಕಿ ಪ್ಲಸ್-ಮೈನಸ್ 5ರ ಒಳಗೆ ಇರಬೇಕು. ಬ್ಲಾಕ್ 115ರಲ್ಲಿ ಎಂಜಿನ್ ಕೇಳಿದ ಬೂಸ್ಟ್ ಮತ್ತು ಸಿಕ್ಕಿದ ಬೂಸ್ಟ್ ಅಕ್ಕಪಕ್ಕ ಕಾಣ್ತದೆ, ಎರಡಕ್ಕೂ 100 ಮಿಲಿಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಇನ್ನೂ ಸೋರಿಕೆ ಉಂಟು. ಬ್ಲಾಕ್ 020ರಲ್ಲಿ ನಾಲ್ಕು ಸಿಲಿಂಡರ್‌ಗಳ ಇಗ್ನಿಶನ್ ಟೈಮಿಂಗ್ ಹಿಂತೆಗೆತ, 3 ಡಿಗ್ರಿ ಒಳಗೆ ಇದ್ದರೆ ಚಂದ. ಒಂದೇ ಸಿಲಿಂಡರ್ 6 ದಾಟಿದರೆ ಆ ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಿ. ಏರ್‌ಫ್ಲೋ ಮೀಟರ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಸೆಕೆಂಡಿಗೆ 120 ಗ್ರಾಂ ಆಸುಪಾಸು ತೋರಿಸಬೇಕು. 150 ಪಿಎಸ್‌ಗೆ ಆ ಲೆಕ್ಕ ಸರಿ ಬರ್ತದೆ. 90ರಲ್ಲೇ ನಿಂತರೆ ಮೀಟರ್ ಮುದಿಯಾಗಿದೆ. ಇದನ್ನು ಡೈನೋ (ಗಾಡಿ ನಿಂತಲ್ಲೇ ಚಕ್ರ ತಿರುಗಿಸಿ ಶಕ್ತಿ ಅಳೆಯುವ ರೋಲರ್) ಮೇಲೆ ಮಾಡಿಸಿ, ಹೆದ್ದಾರಿಯಲ್ಲಿ ಬೇಡ.

ಪ್ಲಗ್ ಎನ್‌ಜಿಕೆ ಬಿಕೆಆರ್7ಇ, ಗ್ಯಾಪ್ 0.7 ಮಿ.ಮೀ., ಟಾರ್ಕ್ 30 ಎನ್‌ಎಂ. ಪ್ಲಗ್ ತೆಗೆಯುವುದು ಹೆಡ್ ತಣ್ಣಗಿರುವಾಗ. ಈಗ ಎಲ್ಲ ಕಡೆ ಇ20 (20% ಎಥೆನಾಲ್ ಬೆರೆಸಿದ) ಪೆಟ್ರೋಲ್ ಆದ ಕಾರಣ ಟ್ಯಾಂಕ್‌ನಿಂದ ಫಿಲ್ಟರ್, ರೇಲ್‌ವರೆಗಿನ ರಬ್ಬರ್ ಹೋಸ್‌ಗಳನ್ನು ಎಸ್‌ಎಇ ಜೆ30 ಆರ್9 ಗುರುತಿನ ಹೋಸ್‌ಗೆ ಬದಲಾಯಿಸಿ. 2005ರ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಗಾಡಿ ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದ ತೇವವನ್ನು ಎಥೆನಾಲ್ ಹೀರುತ್ತದೆ.

ಕೋನ್ ಫಿಲ್ಟರ್ ಕೈಬಿಡಿ. ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತದೆ, ಅದರ ಎಣ್ಣೆ ಏರ್‌ಫ್ಲೋ ಮೀಟರ್ ತಂತಿಗೆ ಅಂಟುತ್ತದೆ. ಕಂಪೆನಿ ಬಾಕ್ಸ್‌ನಲ್ಲಿ ಹೊಸ ಪೇಪರ್ ಫಿಲ್ಟರ್ ಸಾಕು.

ಸ್ಟೇಜ್ 1ರಲ್ಲಿ 180 ಪಿಎಸ್ ಆಸುಪಾಸು ನಿರೀಕ್ಷಿಸಿ. ಟಾರ್ಕ್ ಕಂಪೆನಿಯ 210 ಎನ್‌ಎಂನಿಂದ ಮೇಲೇರುವುದೇ ಕ್ಲಚ್‌ಗೆ ಪರೀಕ್ಷೆ, ಅದಕ್ಕೆ ಟ್ಯೂನರ್ ಹತ್ತಿರ 260ಕ್ಕೆ ಮಿತಿ ಹಾಕಿಸಿ. ಮ್ಯಾಪ್ ಹಾಕುವ ಮೊದಲು ನಾಲ್ಕನೇ ಗೇರ್‌ನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ಒತ್ತಿ ನೋಡಿ. ಸ್ಪೀಡ್ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರ್ತಾ ಉಂಟು, ಮೊದಲು ಅದೇ ಕೆಲಸ. ಗೇರ್‌ಬಾಕ್ಸ್ ಇಳಿಸಿದಾಗ ಡ್ಯುಯಲ್ ಮಾಸ್ ಫ್ಲೈವೀಲ್ ಕೈಯಲ್ಲಿ ತಿರುಗಿಸಿ ಆಟ ನೋಡಿ, ರಿಲೀಸ್ ಬೇರಿಂಗ್ ಮತ್ತು ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಆಗಲೇ ಬದಲಾಯಿಸಿಬಿಡಿ. ಆ ಸೀಲ್‌ಗೋಸ್ಕರ ಮತ್ತೊಮ್ಮೆ ಗೇರ್‌ಬಾಕ್ಸ್ ಇಳಿಸಿದರೆ ಲೇಬರ್ ಚಾರ್ಜ್ ಪೂರ್ತಿ ಇನ್ನೊಮ್ಮೆ ಕೊಡಬೇಕು.